ದೊಡ್ಡಬಾಗಿಲು ಮನೆಯ ಎರಡು ದೂರುಗಳು

ಜಂಗಮಕೋಟೆಗೆ ಬಂದು ದೊಡ್ಡಬಾಗಿಲು ಮನೆ ಎಲ್ಲಿ ಎಂದು ಕೇಳುವವನು ಒಂದೋ ಪರಊರಿನವನು, ಇಲ್ಲವೇ ರಾಮಾಂಜಿನಪ್ಪನನ್ನು ಬೇಕೆಂದೇ ಕೆಣಕಲು ಬಂದವನು. ರಾಮಾಂಜಿನಪ್ಪನ ತಾತ ಯಾವುದೋ ಕಾಲದಲ್ಲಿ, ಯಾರದೋ ಬಂಗಲೆ ಹರಾಜಾದಾಗ, ಹತ್ತಡಿ ಎತ್ತರದ ತೇಗದ ಬಾಗಿಲೊಂದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ಬಾಗಿಲು ಬಂದಾಗ ಅದಕ್ಕೆ ತಕ್ಕ ಮನೆ ಇರಲಿಲ್ಲ. ಮನೆ ಕಟ್ಟಿಸುವ ಹೊತ್ತಿಗೆ ಬಾಗಿಲಿಗೆ ತಕ್ಕಷ್ಟು ಗೋಡೆ ಎಬ್ಬಿಸುವ ತಾಕತ್ತು ಉಳಿದಿರಲಿಲ್ಲ. ಹೀಗಾಗಿ ಬಾಗಿಲಿನ ನೆತ್ತಿ ಸೂರಿಗಿಂತ ಒಂದು ಮೊಳ ಮೇಲೆದ್ದು ನಿಂತಿದೆ. ದೂರದಿಂದ ನೋಡಿದವರಿಗೆ, ಮನೆಯೇ ಬಾಗಿಲ ಹಿಂದೆ ಯಾರಿಗೋ ಹೆದರಿ ಅವಿತು ಕೂತ ಹಾಗೆ ಕಾಣುತ್ತದೆ.

ಈ ಮನೆಗೆ ಇನ್ನೊಂದು ಹೆಮ್ಮೆಯೂ ಉಂಟು. ಕೊಟ್ಟಿದ್ದನ್ನು ವಾಪಸ್ ತೆಗೆದುಕೊಂಡ ಚರಿತ್ರೆ ಅಲ್ಲಿ ಇಲ್ಲ. ಮದುವೆಯೊಂದಕ್ಕೆ ತಾತ ಎರವಲು ಕೊಟ್ಟ ತಾಮ್ರದ ಹಂಡೆ ಇವತ್ತಿಗೂ ಪಕ್ಕದ ಮನೆ ಮುನಿಗಂಗಪ್ಪನ ಬಚ್ಚಲಲ್ಲಿ ನೀರು ಕಾಯಿಸುತ್ತಿದೆ. ಮದುವೆಯಾದ ಗಂಡು ಹೆಣ್ಣು ಇಬ್ಬರೂ ಮುದುಕರಾಗಿ, ಮೊಮ್ಮಕ್ಕಳನ್ನು ಕಂಡು, ಹೊರಟೂ ಹೋದರು. ಹಂಡೆ ಮಾತ್ರ ಹೋದಲ್ಲೇ ಇದೆ.

ಇಂಥ ಮನೆಯ ಮಾನ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ಹಿತ್ತಲಿನ ಹುಳು ಮನೆಯಲ್ಲಿ, ಊರವರೆಲ್ಲ ಕಿಟಕಿಯಲ್ಲಿ ನೋಡುತ್ತಿದ್ದಂತೆ, ಒಂದು ಫೋನಿನ ಮೂಲಕ ಹೋಯಿತು.

ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಐದು ದಿನವಾಗಿತ್ತು. ಇನ್ನೆರಡು ದಿನಕ್ಕೆ ಗೂಡು ಕಟ್ಟಲು ಶುರುವಾಗಬೇಕು. ಈ ಹೊತ್ತಿನಲ್ಲಿ ಹುಳು ಮನೆ ಗರ್ಭಗುಡಿಯಿದ್ದ ಹಾಗೆ. ಹೊರಗಿನವರು ಒಳಗೆ ಬರುವಂತಿಲ್ಲ, ಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ, ಊದುಬತ್ತಿ, ಬೀಡಿ, ಸೆಂಟು ಯಾವುದರ ವಾಸನೆಯೂ ಸುಳಿಯುವಂತಿಲ್ಲ. ರಾಮಾಂಜಿನಪ್ಪನ ಅಕ್ಕ ಅಮ್ಮಾಜಮ್ಮ ಇದಕ್ಕೆಲ್ಲ ಇನ್ನೊಂದು ಕಟ್ಟಳೆಯನ್ನು ತಾನೇ ಸೇರಿಸಿಕೊಂಡಿದ್ದಳು: ಹುಳು ಉಣ್ಣದೆ ತಾನು ಉಣ್ಣಬಾರದು. ಅವಳಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಅವತ್ತು ಮಾತ್ರೆಯನ್ನು ಮಾತ್ರ ನುಂಗಿ, ಬರೀ ಹೊಟ್ಟೆಯಲ್ಲಿ ಸೊಪ್ಪು ಹಾಕಲು ಹೋದವಳು, ಅರ್ಧ ತಟ್ಟೆಗಳಿಗೆ ಹಾಕುವಷ್ಟರಲ್ಲಿ ಬೆವತು, ನಡುಗಿ, ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮೇಲೇ ಕುಸಿದಳು.

ಹೆಂಡತಿ ಕದಿರಮ್ಮ ಕಿರುಚಿದಳು. ರಾಮಾಂಜಿನಪ್ಪ ಓಡಿಬಂದು, ಕಾಲು ತೊಳೆದು, ಒಳಗೆ ಹೋಗಿ, ತುರ್ತು ನಂಬರಿಗೆ ಫೋನು ಹಚ್ಚಿದ. ಸರ್ಕಾರದ ಜೊತೆ ಆಡುವ ಮಾತನ್ನು ನಾಲ್ಕು ಜನ ಕೇಳಬೇಕು ಎಂಬುದು ಅವನ ನಂಬಿಕೆಯಾದ್ದರಿಂದ ಸ್ಪೀಕರನ್ನೂ ಹಾಕಿದ. ನಾಲ್ಕಲ್ಲ, ಕಿಟಕಿಯಾಚೆ ಹದಿನಾಲ್ಕು ಜನ ಸೇರಿದ್ದರು.

"ತುರ್ತು ಸೇವೆ, ಹೇಳಿ," ಎಂದಿತು ಒಂದು ಹುಡುಗಿಯ ದನಿ.

"ದೊಡ್ಡಬಾಗಿಲು ಮನೆಯಿಂದ ಮಾತಾಡ್ತಾ ಇದೀನಿ."

"ಯಾವ ಊರು ಸಾರ್?"

"ಏನಮ್ಮಾ, ದೊಡ್ಡಬಾಗಿಲು ಮನೆ ಅಂದ್ರೆ ಗೊತ್ತಿಲ್ವಾ?"

"ಊರು ಹೇಳಿ ಸಾರ್, ಗಾಡಿ ಕಳಿಸ್ಬೇಕು."

"ಜಂಗಮಕೋಟೆ."

"ಯಾವ ತಾಲ್ಲೂಕು?"

ರಾಮಾಂಜಿನಪ್ಪ ಕಿಟಕಿಯ ಕಡೆ ತಿರುಗಿದ. "ಕೇಳಿಸ್ಕೊಂಡ್ರೇನ್ರಪ್ಪಾ! ಜಂಗಮಕೋಟೆ ಯಾವ ತಾಲ್ಲೂಕು ಅಂತ ಕೇಳ್ತವಳೆ!"

ಕಿಟಕಿಯವರು ನಾಲಿಗೆ ಲೊಚಗುಟ್ಟಿದರು.

"ಶಿಡ್ಲಘಟ್ಟ ತಾಲ್ಲೂಕು ಅಲ್ವಾ ಸಾರ್? ಸಿಕ್ತು. ಯಾರಿಗೆ ಏನಾಗಿದೆ?"

"ಅದಕ್ಕೆ ಮುಂಚೆ ಬಾಗಿಲಿನ ವಿಷಯ ಹೇಳ್ಬಿಡ್ತೀನಿ. ಗಾಡಿಯೋರು ತಡಕಾಡಬಾರದಲ್ಲ. ನಮ್ಮ ತಾತ ಇದ್ದರಲ್ಲಾ..."

"ಸಾರ್, ಉಸಿರಾಡ್ತಾ ಇದಾರಾ? ಎಚ್ಚರ ಇದೆಯಾ?"

"ತಾತ ತೀರ್ಕೊಂಡು ನಲವತ್ತು ವರ್ಷ ಆಯ್ತಮ್ಮ."

ಆಮೇಲೆ ಆ ದನಿ ಒಂದೊಂದಾಗಿ ಕೇಳಿ, ಬಿದ್ದವಳು ಅಕ್ಕ ಎಂದೂ, ಸಕ್ಕರೆ ಕಾಯಿಲೆ ಉಂಟೆಂದೂ, ಮಾತ್ರೆ ತಗೊಂಡು ತಿಂಡಿ ತಿಂದಿಲ್ಲವೆಂದೂ, ಕೂಗಿದರೆ 'ಹೂಂ' ಎನ್ನುತ್ತಾಳೆಂದೂ ತಿಳಿದುಕೊಂಡಿತು.

"ಗಾಡಿ ಹೊರಟಿದೆ ಸಾರ್. ಅವರನ್ನ ಎತ್ತಿ ಒರಗಿಸಿ ಕೂರಿಸಿ. ನುಂಗೋ ಅಷ್ಟು ಎಚ್ಚರ ಇದ್ರೆ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ನಿಧಾನವಾಗಿ ಕುಡಿಸಿ."

"ಏನಂದೆ?"

"ಸಕ್ಕರೆ ಸಾರ್. ಬೇಗ."

"ಸಕ್ಕರೆ ಕಾಯಿಲೆಯೋರಿಗೆ ಸಕ್ಕರೆ ಕುಡಿಸು ಅಂತೀಯಾ! ನಮ್ಮಕ್ಕನ ಮೇಲೆ ನಿಂಗೇನಮ್ಮಾ ಹಗೆ? ಯುಗಾದಿ ಒಬ್ಬಟ್ಟನ್ನೂ ಅವಳ ಕಣ್ಣಿಗೆ ಬೀಳ್ದಂಗೆ ಅಟ್ಟದ ಮೇಲಿಟ್ಟು ಕಾಪಾಡಿದೀನಿ ಎಂಟು ವರ್ಷ! ನೀನು ಯಾವ ಡಾಕ್ಟರು? ಎಲ್ಲಿ ಓದಿದೆ? ಯಾರ ಮಗಳು?"

ಆಗ, ಹದಿನಾಲ್ಕು ಜನರ ಸಮಕ್ಷಮದಲ್ಲಿ, ಆ ದನಿ ಹೀಗೆ ಹೇಳಿತು:

"ಯಜಮಾನ್ರೇ, ನೀವು ಸ್ವಲ್ಪ ಬಾಯಿ ಮುಚ್ಕೊಳಿ. ಫೋನು ಪಕ್ಕದಲ್ಲಿರೋ ಹೆಂಗಸರ ಕೈಗೆ ಕೊಡಿ."

ಮೂವತ್ತು ವರ್ಷದಿಂದ ಕಾಯುತ್ತಿದ್ದ ಆದೇಶ ಕೊನೆಗೂ ಸರ್ಕಾರದಿಂದ ಹೊರಬಿದ್ದಂತೆ ಕದಿರಮ್ಮ ಗಂಡನ ಕೈಯಿಂದ ಫೋನು ಕಿತ್ತುಕೊಂಡಳು. ಅದನ್ನು ಹುಳುವಿನ ತಟ್ಟೆಯ ಅಂಚಿಗೆ ಒರಗಿಸಿಟ್ಟು, ಆ ಹುಡುಗಿ ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡಿದಳು. ಗಾಡಿ ಬಂದಾಗ ಅಮ್ಮಾಜಮ್ಮ ಗೋಡೆಗೊರಗಿ ಕೂತು ತಮ್ಮನನ್ನು ವಿಚಾರಿಸಿಕೊಳ್ಳುತ್ತಿದ್ದಳು. "ಒರೇ ಆಂಜೀ, ಆ ಮೂಲೆ ತಟ್ಟೆಗೆ ಸೊಪ್ಪಾಕಿದ್ಯೇನೋ? ಅಯ್ಯೋ ನಿಮ್ಮ ಮುಖಕ್ಕೆ! ಒಂದು ಗಳಿಗೆ ಕಣ್ಣು ಮುಚ್ಚಿದ್ರೆ ಹುಳನ ಉಪವಾಸ ಕೆಡವ್ತೀರಲ್ರೋ!"

ಗಾಡಿಯಿಂದಿಳಿದ ಇಬ್ಬರೂ ಗೇಟಿನ ಬಳಿಯೇ ಶೂ ಬಿಚ್ಚಿ, ನಲ್ಲಿಯಲ್ಲಿ ಕೈಕಾಲು ತೊಳೆದು, ಬರಿಗಾಲಲ್ಲಿ ಒಳಗೆ ಬಂದರು. ರಾಮಾಂಜಿನಪ್ಪ ಅವರ ಕೈ ಹಿಡಿದು ಮೂಸಿಯೂ ನೋಡಿದ. ಆಸ್ಪತ್ರೆ ವಾಸನೆಯ ಸುಳಿವಿರಲಿಲ್ಲ. ದೊಡ್ಡ ಬಾಗಿಲನ್ನು ಕಂಡರೆ ತಾನಾಗಿ ಬರುವ ಮರ್ಯಾದೆ ಅದು ಎಂದುಕೊಂಡು, ಆ ದಿನದ ಅಷ್ಟು ಅವಮಾನದ ನಡುವೆಯೂ ಎರಡು ನಿಮಿಷ ಸಮಾಧಾನಪಟ್ಟ.

ಸಮಾಧಾನ ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯವರೆಗೆ ಬಾಳಿತು. ಅಲ್ಲಿ ಮುನಿಗಂಗಪ್ಪ ತನ್ನ ಕ್ಯಾನಿನ ಮುಚ್ಚಳವನ್ನು ಒತ್ತುತ್ತಾ, "ಯಜಮಾನ್ರೇ, ಸ್ವಲ್ಪ ಬಾಯಿ ಮುಚ್ಕೊಳಿ," ಎಂದ.

ಸಾಲಿಗೆ ಸಾಲೇ ಗೊಳ್ಳೆಂದಿತು.

"ಯಾರಿಗೋ ಅಂದಿದ್ದು ನೀನು?"

"ಕ್ಯಾನಿಗೆ ಕಣಪ್ಪಾ. ಕ್ಯಾನಿಗೂ ಹೇಳಬಾರದಾ?"

ರಾಮಾಂಜಿನಪ್ಪ ಡೈರಿಯ ಜಗಲಿ ಹತ್ತಿದ. ಹೆಗಲ ಮೇಲಿನ ಟವಲು ಕೊಡವಿ ಮತ್ತೆ ಹಾಕಿಕೊಂಡ. "ಎಲ್ಲಾರೂ ಕೇಳಿಸ್ಕೊಳ್ರಪ್ಪಾ. ಇದೇ ಡೈರಿ ಮುಂದೆ, ಇದೇ ಜಗಲಿ ಮೇಲೆ, ತಿಂಗಳೊಪ್ಪತ್ತಿನಲ್ಲಿ ಕ್ಷಮಾಪಣೆ ಪತ್ರ ಓದಿಸ್ತೀನಿ. ಓದಿಸ್ಲಿಲ್ಲಾ ಅಂದ್ರೆ, ನಮ್ಮ ತಾತನ ಬಾಗಿಲು ಕಿತ್ತು ಒಲೆಗೆ ಹಾಕ್ತೀನಿ!"

ಬಾಗಿಲಿಲ್ಲದ ಆ ಮನೆಯನ್ನು ಊಹಿಸಿಕೊಳ್ಳಲು ಯಾರಿಗೂ ಆಗಲಿಲ್ಲ. ರಾಮಾಂಜಿನಪ್ಪನಂತೂ, ಮಾತು ಬಾಯಿಂದ ಹೊರಟ ಮೇಲೆ, ನೆಟ್ಟಗೆ ಮನೆಗೆ ಹೋಗಿ ಬಾಗಿಲನ್ನೊಮ್ಮೆ ಮುಟ್ಟಿ ನೋಡಿದ.

ಅರ್ಜಿ ಬರೆಯುವ ಕೆಲಸ ಮಗಳು ಹರಿತಾಳ ಪಾಲಿಗೆ ಬಂತು. ಬಿ.ಎ. ಮುಗಿಸಿದ ಹುಡುಗಿ. ನಾಲ್ಕು ಜನರ ಎದುರು ಬಾಯಿ ಬಿಡಲು ಹಿಂಜರಿಯುವವಳು, ಕಾಗದ ಸಿಕ್ಕರೆ ಮಾತ್ರ ಯಾರಿಗೂ ಹೆದರಳು. ತಂದೆ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಹೇಳಿದ, ಅವಳು ಬರೆದಳು. ಆರೋಪ ನಾಲ್ಕು. ಒಂದು, ಮನೆತನವನ್ನು ಗುರುತಿಸದೆ ಇದ್ದದ್ದು. ಎರಡು, ಜಂಗಮಕೋಟೆಯ ತಾಲ್ಲೂಕು ಕೇಳಿದ್ದು. ಮೂರು, ಸಕ್ಕರೆ ರೋಗಿಗೆ ಸಕ್ಕರೆ ಕುಡಿಸಿ ಕೊಲ್ಲಲು ನೋಡಿದ್ದು.

"ಆದ್ರೆ ಅತ್ತೆ ಬದುಕಿದಾರಲ್ಲಪ್ಪಾ," ಎಂದಳು ಹರಿತಾ ಮೆಲ್ಲಗೆ.

"ಅದು ನಮ್ಮಕ್ಕನ ಗಟ್ಟಿತನ. ಬರಿ. ನಾಲ್ಕನೇದು, ಬಾಯಿ."

ಹದಿನೈದು ದಿನಕ್ಕೆ ಚಿಕ್ಕಬಳ್ಳಾಪುರದ ಕಚೇರಿಯೊಂದರಿಂದ ವಿಚಾರಣೆಗೆ ಬರಬೇಕೆಂಬ ಪತ್ರ ಬಂತು. ರಾಮಾಂಜಿನಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟ. ಕದಿರಮ್ಮ ಕಣ್ಣಾರೆ ಕಂಡವಳೆಂದು ಬಂದಳು. ಹರಿತಾ ಫೈಲು ಹಿಡಿದು ಬಂದಳು. ಅಮ್ಮಾಜಮ್ಮ, ಸತ್ತುಹೋಗಬೇಕಿದ್ದವಳು ಎಂಬ ಯೋಗ್ಯತೆಯ ಮೇಲೆ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಬಂದಳು. ಮುನಿಗಂಗಪ್ಪನನ್ನು ಯಾರೂ ಕರೆದಿರಲಿಲ್ಲ. ಆದರೂ ಬಸ್ಸು ಶಿಡ್ಲಘಟ್ಟ ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಅವನ ಕೆಮ್ಮು ಕೇಳಿಸಿತು.

ವಿಚಾರಣೆ ಅಧಿಕಾರಿ ಮುರಳಿಮೋಹನ್ ಸಾವಧಾನದ ಮನುಷ್ಯ. ಮೇಜಿನ ಮೇಲೆ ಕಂಪ್ಯೂಟರು, ಅದಕ್ಕೆರಡು ಪುಟ್ಟ ಸ್ಪೀಕರು. ಮೇಜಿನ ಆ ಕಡೆ ಒಬ್ಬ ಹುಡುಗಿ, ಹರಿತಾಳದೇ ವಯಸ್ಸು, ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಇವರೇ ನಿಮ್ಮ ಕರೆ ತಗೊಂಡವರು. ಸಂಘಮಿತ್ರ," ಎಂದರು ಅಧಿಕಾರಿ. "ಚಿಂತಾಮಣಿ ಕಡೆ, ಅಂಬಾಜಿದುರ್ಗದ ಕೆಳಗಿನ ಹಳ್ಳಿ. ಕರಾರಿನ ಮೇಲೆ ಇರೋರು. ಈ ತಿಂಗಳು ಕರಾರು ಮುಗೀತದೆ. ದೂರು ಸಾಬೀತಾದ್ರೆ ಮುಂದುವರಿಸೋ ಹಾಗಿಲ್ಲ. ಅದಕ್ಕೇ ಬೇಗ ಕರೆಸಿದೆ."

"ಆಗ್ಲಿ," ಎಂದ ರಾಮಾಂಜಿನಪ್ಪ, ಗಂಭೀರವಾಗಿ. ಎದುರಿನ ದನಿಗೆ ಇಷ್ಟು ಸಣ್ಣ ಮುಖ ಇರಬಹುದೆಂದು ಅವನು ಎಣಿಸಿರಲಿಲ್ಲ.

"ಎಲ್ಲಾ ಕರೆನೂ ರೆಕಾರ್ಡ್ ಆಗಿರ್ತದೆ. ಕೇಳಣ." ಅಧಿಕಾರಿ ಗುಂಡಿ ಒತ್ತಿದರು.

ರಾಮಾಂಜಿನಪ್ಪ ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಆಯುಷ್ಯದಲ್ಲಿ ಅದೇ ಮೊದಲು. ಸ್ವಲ್ಪ ಹೊತ್ತು ಕಿವಿಗೊಟ್ಟು, ಹುಬ್ಬು ಗಂಟಿಕ್ಕಿದ.

"ಸಾರ್, ಒಂದ್ನಿಮಿಷ ನಿಲ್ಲಿಸಿ. ಆ ಹುಡುಗಿ ಪಾಪ ಏನೋ ಕೇಳ್ತಾ ಅವಳೆ. ಮಧ್ಯದಲ್ಲಿ ಒಬ್ಬ ಕೂಗಾಡ್ತಾ ಅವನಲ್ಲ, ಯಾರು ಸಾರ್ ಅವನು?"

"ಅದು ನೀವು."

"ನಾನು ಹಂಗೆ ಮಾತಾಡಲ್ಲ ಸಾರ್."

"ಹಂಗೇ ಮಾತಾಡೋದು," ಎಂದರು ಕದಿರಮ್ಮ, ಹರಿತಾ, ಅಮ್ಮಾಜಮ್ಮ ಮತ್ತು ಬಾಗಿಲ ಆಚೆಯಿಂದ ಮುನಿಗಂಗಪ್ಪ, ನಾಲ್ವರೂ ಒಟ್ಟಿಗೆ.

ತಾತ ತೀರಿಕೊಂಡ ಮಾತು ಬಂದಾಗ ಅಧಿಕಾರಿ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಸಕ್ಕರೆಯ ಮಾತು ಬಂದಾಗ ಕಡತ ತೆರೆದರು. "ಸಕ್ಕರೆ ಜಾಸ್ತಿಯಾದ್ರೂ ಕಷ್ಟ, ಕಮ್ಮಿಯಾದ್ರೆ ಇನ್ನೂ ಕಷ್ಟ ಯಜಮಾನ್ರೇ. ಮಾತ್ರೆ ತಗೊಂಡು ಊಟ ಬಿಟ್ಟಿದ್ದಕ್ಕೆ ಇಳಿದುಹೋಗಿತ್ತು. ಕುಡಿಸಿದ ಮೇಲೆ ಗಾಡಿಯೋರು ನೋಡಿದಾಗ್ಲೂ ಅರವತ್ತೆಂಟೇ ಇತ್ತು, ಎಪ್ಪತ್ತರ ಮೇಲಾದ್ರೂ ಇರ್ಬೇಕು. ಗಾಡಿ ಬರೋವರ್ಗೂ ನೀವು ಅಲ್ಲಿ ವಾದ ಮಾಡ್ತಾ ನಿಂತಿದ್ರೆ..."

ಅಮ್ಮಾಜಮ್ಮ ತಮ್ಮನ ಕಡೆ ತಿರುಗಿದಳು. "ಅಂದ್ರೆ ಒಬ್ಬಟ್ಟು ತಿನ್ನಬೋದಿತ್ತೇನೋ ನಾನು?"

"ಇಲ್ಲಮ್ಮಾ, ಹಂಗಲ್ಲ," ಎಂದರು ಅಧಿಕಾರಿ ಅವಸರದಲ್ಲಿ. "ಹೊತ್ತಿಗೆ ಸರಿಯಾಗಿ ಊಟ ಮಾಡ್ಬೇಕು ಅಷ್ಟೇ." ಆದರೆ ಅಮ್ಮಾಜಮ್ಮನ ಕಣ್ಣಲ್ಲಿ ಎಂಟು ಯುಗಾದಿಗಳು ಒಂದರ ಹಿಂದೊಂದು ಹಾದುಹೋದವು.

"ಇದು ಇನ್ನೊಂದು ಲೈನು," ಎಂದು ಅಧಿಕಾರಿ ಮತ್ತೊಂದು ಗುಂಡಿ ಒತ್ತಿದರು. "ಅದೇ ಹೊತ್ತಿಗೆ ಇವರು ಗಾಡಿಯೋರ ಜೊತೆ ಮಾತಾಡಿದ್ದು."

ಸ್ಪೀಕರಿನಲ್ಲಿ ಅದೇ ದನಿ, ತಗ್ಗಿಸಿ, ಸರಸರನೆ:

"ಸುನೀಲಣ್ಣಾ, ಅದು ಹುಳು ಮನೆ. ಗೇಟಲ್ಲೇ ಶೂ ಬಿಟ್ಬಿಡಿ. ಕೈಗೆ ಸ್ಯಾನಿಟೈಸರ್ ಹಾಕಿದ್ರೆ ಚೆನ್ನಾಗಿ ತೊಳ್ಕೊಂಡು ಒಳಗೆ ಹೋಗಿ. ಆ ವಾಸನೆಗೆ ಹುಳ ತಿನ್ನೋದು ಬಿಡ್ತವೆ. ಬೆಳೆ ಕೈಗೆ ಬರೋ ಹೊತ್ತು ಅಣ್ಣಾ, ಪಾಪ."

ರಾಮಾಂಜಿನಪ್ಪ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡ.

"ನಾನು ಹುಳು ಮನೆ ಅಂತ ಹೇಳೇ ಇಲ್ಲ," ಎಂದ ರಾಮಾಂಜಿನಪ್ಪ ನಿಧಾನವಾಗಿ. "ಬಾಗಿಲಿನ ವಿಷಯದಲ್ಲಿ ಅದು ಮರ್ತೇ ಹೋಗಿತ್ತು. ನಿಂಗೆ ಹೆಂಗೆ ಗೊತ್ತಾಯ್ತಮ್ಮ?"

ಸಂಘಮಿತ್ರ ಬಾಟಲಿಯಿಂದ ಕಣ್ಣೆತ್ತಿದಳು. "ಈ ಅಮ್ಮ ಫೋನು ತಟ್ಟೆ ಹತ್ರ ಇಟ್ರಲ್ಲ ಸಾರ್, ಆವಾಗ ಸಣ್ಣಗೆ ಮಳೆ ಬೀಳೋ ಹಂಗೆ ಸದ್ದು ಕೇಳಿಸ್ತು. ಅವತ್ತು ಎಲ್ಲೂ ಮಳೆ ಇರ್ಲಿಲ್ಲ. ಹುಳ ಸೊಪ್ಪು ತಿನ್ನೋ ಸದ್ದು ಅದು. ನಮ್ಮಮ್ಮ ಗಂಗುಲಮ್ಮ ಅಂತ, ಊರೂರಿನ ಹುಳು ಮನೆಗೆ ಕೂಲಿಗೆ ಹೋಗಿ ನನ್ನ ಓದ್ಸಿದ್ದು. ಪರೀಕ್ಷೆಗೆಲ್ಲಾ ನಾನು ಆ ಸದ್ದಲ್ಲೇ ಕೂತು ಓದಿದೀನಿ." ಆಮೇಲೆ ತಲೆ ತಗ್ಗಿಸಿದಳು. "ಬಾಯಿ ಮುಚ್ಕೊಳಿ ಅಂದಿದ್ದು ಮಾತ್ರ ತಪ್ಪು ಸಾರ್. ಸಮಯ ಹೋಗ್ತಾ ಇತ್ತು."

ರಾಮಾಂಜಿನಪ್ಪ ಸುಮಾರು ಕಾಲು ನಿಮಿಷ ಮಾತಾಡಲಿಲ್ಲ. ಅವರ ಸಂಸಾರದ ಮಟ್ಟಿಗೆ ಅದೊಂದು ದಾಖಲೆ. ಬರಿಗಾಲಲ್ಲಿ ನಡೆದು ಬಂದ ಆ ಇಬ್ಬರು, ಅವರ ತೊಳೆದ ಕೈ, ಆ ಮರ್ಯಾದೆ ಎಲ್ಲಿಂದ ಬಂದಿತ್ತೆಂದು ಅವನಿಗೆ ಈಗ ಹೊಳೆಯಿತು. ಆ ಬೆಳೆ ಚೆನ್ನಾಗಿ ಆಗಿತ್ತು. ಗೂಡು ನೋಡಿ ಮಾರುಕಟ್ಟೆಯಲ್ಲಿ ಇಬ್ಬರು ಕೈ ಕುಲುಕಿದ್ದರು.

"ನಮ್ಮ ಬಾಗಿಲು ಗೊತ್ತಿಲ್ಲ," ಎಂದ ಕೊನೆಗೆ, ಯಾರಿಗೂ ಅಲ್ಲವೆಂಬಂತೆ. "ಆದ್ರೆ ಫೋನಲ್ಲಿ ನಮ್ಮ ಹುಳ ತಿನ್ನೋ ಸದ್ದು ಗೊತ್ತು."

"ಹಂಗಾದ್ರೆ ದೂರು ವಾಪಸ್ ತಗೊಳ್ತೀರಾ?" ಅಧಿಕಾರಿ ಪೆನ್ನು ಮುಂದಕ್ಕೆ ತಳ್ಳಿದರು.

ರಾಮಾಂಜಿನಪ್ಪ ಪೆನ್ನನ್ನು ನೋಡಿದ. "ಅದಾಗಲ್ಲ ಸಾರ್."

"ಯಾಕೆ?"

"ನಮ್ಮನೇಲಿ ಕೊಟ್ಟಿದ್ದು ವಾಪಸ್ ತಗೊಂಡ ಪದ್ಧತಿ ಇಲ್ಲ."

"ಅರ್ಜಿ ಕಣ್ರೀ ಇದು! ಒಂದು ಕಾಗದ!"

"ಹಂಡೆನೇ ತಗೊಂಡಿಲ್ಲ ಸಾರ್, ಕಾಗದ ತಗೊಳ್ತೀನಾ?"

ಬಾಗಿಲಾಚೆಯ ಕೆಮ್ಮು ಥಟ್ಟನೆ ನಿಂತಿತು.

"ರೀ, ಆ ಮಗು ಅನ್ನ ಕಿತ್ಕೊಳ್ತೀರಾ?" ಎಂದಳು ಕದಿರಮ್ಮ.

"ನಾನೆಲ್ಲೇ ಕಿತ್ಕೊಳ್ತೀನಿ ಅಂದೆ? ವಾಪಸ್ ತಗೊಳಲ್ಲ ಅಂದೆ. ಆಮೇಲೆ ಡೈರಿ ಮುಂದೆ ಕ್ಷಮಾಪಣೆ ಪತ್ರ ಓದಿಸ್ಬೇಕು. ಮಾತು ಕೊಟ್ಟಿದೀನಿ. ಇಲ್ದಿದ್ರೆ ಬಾಗಿಲು ಒಲೆಗೆ." ಒಂದು ಕಡೆ ತಾತನ ಬಾಗಿಲು, ಇನ್ನೊಂದು ಕಡೆ ಕೂಲಿ ಮಾಡಿ ಓದಿಸಿದವಳ ಮಗಳು. ನಡುವೆ ಅವನು, ಇಸ್ತ್ರಿ ಪಂಚೆಯಲ್ಲಿ. ಫ್ಯಾನನ್ನೂ ಸ್ಪೀಕರನ್ನೂ ಸರದಿಯಲ್ಲಿ ನೋಡಿದ. ಕೊನೆಗೆ ಸ್ಪೀಕರಿನ ಮೇಲೆ ಅವನ ಕಣ್ಣು ನಿಂತಿತು.

"ಸಾರ್, ಅದರೊಳಗೆ ಒಬ್ಬ ಕೂಗಾಡಿದ್ನಲ್ಲ, ಅವನ ಮೇಲೆ ಯಾರಾದ್ರೂ ದೂರು ಕೊಟ್ಟವರಾ?"

"ಯಾರ ಮೇಲೆ? ನಿಮ್ಮ ಮೇಲಾ?"

"ತುರ್ತು ಕೆಲಸದಲ್ಲಿರೋ ಹೆಣ್ಣು ಮಗಳಿಗೆ ಅಷ್ಟು ಅಡ್ಡಿ ಮಾಡವನೆ, ಒಂದು ದೂರಿಲ್ವಾ? ಏನು ಸಾರ್ ನಿಮ್ಮ ಕಚೇರಿ! ಹರಿತಮ್ಮಾ, ತೆಗಿ ಕಾಗದ."

ಅಧಿಕಾರಿ ತಲೆಗೆ ಕೈ ಹಚ್ಚಿದರು. "ದೂರುದಾರರು ಯಾರು?"

"ನಾನು."

"ಆರೋಪಿ?"

"ನಾನೇ."

"ಸಾಕ್ಷಿ?"

"ನಾನು!" ಎಂದು ಕದಿರಮ್ಮ ಎದ್ದು ನಿಂತಳು. ಮದುವೆಯಾದಾಗಿನಿಂದ ಗಂಡನ ಯಾವ ಮಾತಿಗೂ ಅವಳು ಅಷ್ಟು ಉತ್ಸಾಹದಿಂದ ಒಪ್ಪಿರಲಿಲ್ಲ.

ಈ ಸಲ ಹರಿತಾಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಎಷ್ಟೋ ವರ್ಷದಿಂದ ಒಳಗೇ ಇದ್ದ ಬರಹ ಹೊರಬಂದಂತೆ, ಒಂದು ಪದವನ್ನೂ ಹೊಡೆದು ತಿದ್ದದೆ ಒಂದೂವರೆ ಪುಟ ಬರೆದಳು. ಮುರಳಿಮೋಹನ್ ಗಟ್ಟಿಯಾಗಿ ಓದಿದರು: "ಸದರಿ ರಾಮಾಂಜಿನಪ್ಪನವರು ಊರು ಕೇಳಿದರೆ ಬಾಗಿಲು ಹೇಳಿದರು, ರೋಗಿಯ ಸ್ಥಿತಿ ಕೇಳಿದರೆ ತಾತನ ಸ್ಥಿತಿ ಹೇಳಿದರು, ಸಕ್ಕರೆ ಕೇಳಿದರೆ ಖಾರ ಕೊಟ್ಟರು..."

ಆರೋಪಿಯ ಮುಖ ಅರಳುತ್ತಾ ಹೋಯಿತು. "ನನ್ನ ಮೇಲೇ ಆಗ್ಲಿ, ಎಷ್ಟು ಚೆನ್ನಾಗಿ ಬರೆದವಳೆ ನೋಡಿ ಸಾರ್! ನಮ್ಮ ಹುಡುಗಿ. ಬಿ.ಎ. ಫಸ್ಟ್ ಕ್ಲಾಸು." ಸಂಘಮಿತ್ರ ಬಾಟಲಿಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಹರಿತಾ ಅವಳನ್ನು ನೋಡಿ, ಕೆಂಪಾಗಿ, ತಾನೂ ನಕ್ಕಳು.

ಹತ್ತು ದಿನಕ್ಕೆ ಪತ್ರ ಬಂತು. ಮೊದಲನೇ ದೂರು: ಆಧಾರವಿಲ್ಲ, ಮುಕ್ತಾಯ, ಸಿಬ್ಬಂದಿಯ ಕರಾರು ಮುಂದುವರಿದಿದೆ. ಎರಡನೇ ದೂರು: ಸಂಪೂರ್ಣ ಸಾಬೀತು, ಆರೋಪಿಯು ಲಿಖಿತ ಕ್ಷಮಾಪಣೆ ಸಲ್ಲಿಸತಕ್ಕದ್ದು.

ಮಾರನೆಯ ಬೆಳಿಗ್ಗೆ ಡೈರಿಯ ಜಗಲಿಯ ಮೇಲೆ, ಹಾಲು ಅಳೆಯುವುದನ್ನು ಐದು ನಿಮಿಷ ನಿಲ್ಲಿಸಿ, ಕ್ಷಮಾಪಣೆ ಪತ್ರ ಓದಲಾಯಿತು. ಹರಿತಾ ಬರೆದದ್ದು. ಓದಿದವನು ರಾಮಾಂಜಿನಪ್ಪ, ತುರ್ತು ನಂಬರಿಗೆ ಮಾತಾಡಿದಷ್ಟೇ ಗಟ್ಟಿಯಾಗಿ.

"ಇದು ನೀನೇ ಬೇಡ್ಕೊಂಡ ಕ್ಷಮೆ ಅಲ್ವೇನಪ್ಪಾ?" ಎಂದ ಮುನಿಗಂಗಪ್ಪ, ಬಿಟ್ಟುಕೊಡಲು ಮನಸ್ಸಿಲ್ಲದೆ. "ಆ ಹುಡುಗಿ ಕೈಲಿ ಓದಿಸ್ತೀನಿ ಅಂದಿದ್ದೆ."

"ಕ್ಷಮಾಪಣೆ ಪತ್ರ ಓದಿಸ್ತೀನಿ ಅಂದೆ. ಯಾರದ್ದು ಅಂದಿದ್ನಾ? ಎಲ್ಲಾರೂ ಇದ್ರಿ, ಹೇಳ್ರಪ್ಪಾ!" ಯಾರಿಗೂ ಹಾಗೆ ನೆನಪಿರಲಿಲ್ಲ. ರಾಮಾಂಜಿನಪ್ಪ ಸರ್ಕಾರದ ಪತ್ರವನ್ನು ಮಡಚದೆ, ಸೀಲು ಎಲ್ಲರಿಗೂ ಕಾಣುವಂತೆ ಎದೆಯ ಮುಂದೆ ಹಿಡಿದ. "ಹೋಬಳಿಯಲ್ಲಿ ಎಷ್ಟು ಜನ ಎಷ್ಟೆಷ್ಟು ಅರ್ಜಿ ಕೊಟ್ಟವ್ರೆ. ರಸ್ತೆಗೆ ಕೊಟ್ರಿ, ಆಯ್ತಾ? ಮೋರಿಗೆ ಕೊಟ್ರಿ, ಆಯ್ತಾ? ಕೊಟ್ಟ ದೂರು ಸಂಪೂರ್ಣ ಸಾಬೀತು ಅಂತ ಸೀಲು ಹಾಕಿಸ್ಕೊಂಡು ಬಂದೋನು ಯಾರಾದ್ರೂ ಒಬ್ಬನ್ನ ತೋರಿಸ್ರಪ್ಪಾ ನೋಡಣ! ಇನ್ನು ಆ ಹುಡುಗಿ, ಯಾರು ಅಂತ ತಿಳ್ಕೊಂಡ್ರಿ? ಫೋನಲ್ಲಿ ಹುಳ ತಿನ್ನೋದು ಕೇಳ್ಸ್ಕೊಳ್ತಾಳೆ. ನಮ್ಮ ಸೀಮೆ ಹುಡುಗಿ! ಅವಳ ಕೈಲಿ ಬೈಸ್ಕೊಳೋಕೂ ಯೋಗ್ಯತೆ ಬೇಕು."

ಸಾಲಿನಲ್ಲಿ ಯಾರೂ ನಗಲಿಲ್ಲ. ಒಂದಿಬ್ಬರು ಸೀಲನ್ನು ಹತ್ತಿರದಿಂದ ನೋಡಲು ಕ್ಯಾನು ಕೆಳಗಿಟ್ಟು ಬಂದರು.

ಅವತ್ತು ಸಂಜೆ ಹರಿತಾ ಹುಳುವಿನ ತಟ್ಟೆ ತೊಳೆಯುತ್ತಿದ್ದಾಗ, ಹಿತ್ತಲಿನ ಬೇಲಿಯ ಮೇಲೆ ಮುನಿಗಂಗಪ್ಪನ ತಲೆ ಕಾಣಿಸಿತು. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅಮ್ಮಣ್ಣೀ, ನನ್ನ ಮೇಲೂ ಒಂದು ದೂರು ಬರ್ಕೊಡಮ್ಮ. ಸೀಲು ಬರೋ ಥರದ್ದು."

"ಏನು ತಪ್ಪು ಮಾಡಿದೀರಿ ಅಂತ ಬರೀಲಿ ಮಾವ?"

ಮುನಿಗಂಗಪ್ಪ ತಿರುಗಿ ತನ್ನ ಮನೆಯ ಕಡೆ ನೋಡಿದ. ಅವನ ಬಚ್ಚಲಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಹಂಡೆ ಒಂದು ಬಿಟ್ಟು, ನಿಂಗೆ ತೋಚಿದ್ದು ಹಾಕಮ್ಮ."